ನಾಲ್ಕು ಭಾಷೆಯ ಮನೆಗೆ ಒಂದು ಎಂ.ಎ.

(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಾಠ)



ಭಾಷೆ ಮತ್ತು ಸಂವಹನದ ವಿಷಯದಲ್ಲಿ ಒಂದು ಸ್ನಾತಕೋತ್ತರ ಪದವಿಯನ್ನು, ಅಂದರೆ ಎಂ.ಎ.ಯನ್ನು, ಮನೆಯಲ್ಲೇ ಕುಳಿತು ಅಂತರ್ಜಾಲದ ಮೂಲಕ ಓದುವುದು ಹೇಗೆ, ಯಾಕೆ ಓದಬೇಕು ಎಂಬುದರ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಒಂದೇ ಭಾಷೆಯನ್ನು ಹಿಡಿದು ಓದುವುದಲ್ಲ, ನಮ್ಮ ನಾಲಿಗೆಯ ಮೇಲಿರುವ ಹಲವು ಭಾಷೆಗಳನ್ನು ಜೊತೆಗಿಟ್ಟುಕೊಂಡು ಓದುವ ಮಾತು. "ಈ ವಯಸ್ಸಿನಲ್ಲಿ ಎಂ.ಎ. ಯಾಕೆ? ಅದೂ ಭಾಷೆಯಲ್ಲಿ? ಭಾಷೆ ಬರುವುದಿಲ್ಲವೇ ನಿಮಗೆ?" ಎಂದು ಮನೆಮಂದಿ ಕೇಳುವುದು ಸಹಜ. ಆ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ.

ನಾನು ವಾಸವಾಗಿರುವುದು ಥಾಣೆಯ ನೌಪಾಡಾದಲ್ಲಿ. ಸ್ಟೇಷನ್ನಿನಿಂದ ಪಶ್ಚಿಮಕ್ಕಿಳಿದು ಗೋಖಲೆ ರಸ್ತೆ ಹಿಡಿದರೆ ನಮ್ಮ ಪೇಟೆ. ಸುತ್ತಲೂ ಮರಾಠಿಯ ವಾತಾವರಣ. ಇಲ್ಲಿನ ಕನ್ನಡಿಗನ ಒಂದು ದಿನವನ್ನು ನೋಡಿ. ಬೆಳಿಗ್ಗೆ ಮನೆಯೊಳಗೆ ತುಳುವೋ, ಕೊಂಕಣಿಯೋ, ಧಾರವಾಡದ ಕಡೆಯ ಕನ್ನಡವೋ. ಕೆಳಗಿಳಿದರೆ ಭಾಜಿಯವಳ ಜೊತೆ ಮರಾಠಿ. ರಿಕ್ಷಾ ಹತ್ತಿದರೆ ಹಿಂದಿ. ಕಚೇರಿಗೆ ಹೋದರೆ ಇಂಗ್ಲಿಷ್. ಸಂಜೆ ಸಂಘದ ಸಭೆಗೆ ಹೋದರೆ ಮತ್ತೆ ಕನ್ನಡ, ಆದರೆ ಬೆಳಗಿನ ಮನೆಯ ಕನ್ನಡವಲ್ಲ, ವೇದಿಕೆಯ ಕನ್ನಡ. ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯಲ್ಲಿ ಈ ಮಾತು ಕೇಳುತ್ತಿರುವ ನಿಮ್ಮ ದಿನವೂ ಇದಕ್ಕಿಂತ ಬಹಳ ಬೇರೆಯಾಗಿರಲಾರದು.

ಹೀಗೆ ನಮಗೆ ನಾಲ್ಕೈದು ಭಾಷೆ ಬರುತ್ತದೆ. ಆದರೆ ಸೊಸೈಟಿಯ ನೋಟೀಸೊಂದನ್ನು ಮರಾಠಿಯಲ್ಲಿ ಬರೆದುಕೊಡಿ ಎಂದರೆ ಪೆನ್ನು ನಿಲ್ಲುತ್ತದೆ. ಊರಿನಲ್ಲಿ ತೀರಿಹೋದ ಹಿರಿಯರ ಮನೆಗೆ ಕನ್ನಡದಲ್ಲಿ ಅರ್ಧ ಪುಟದ ಪತ್ರ ಬರೆಯಬೇಕೆಂದರೆ ಒತ್ತಕ್ಷರಗಳು ಕೈಕೊಡುತ್ತವೆ. ಊರಿನಿಂದ ಚಿಕಿತ್ಸೆಗೆ ಬಂದ ಅಜ್ಜಿಗೆ, ಡಾಕ್ಟರು ಹಿಂದಿ ಇಂಗ್ಲಿಷ್ ಬೆರೆಸಿ ಹೇಳಿದ್ದನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ, ಹೆದರಿಸದೆ, ಆದರೆ ಸುಳ್ಳೂ ಹೇಳದೆ ತಿಳಿಸಬೇಕು. ಆಗ ಗೊತ್ತಾಗುತ್ತದೆ, ಮಾತು ಬರುವುದು ಬೇರೆ, ಭಾಷೆ ಕೈಗೆ ಸಿಗುವುದು ಬೇರೆ ಎಂದು. ಒಂದು ಭಾಷೆಯಿಂದ ಇನ್ನೊಂದಕ್ಕೆ ವಿಷಯವನ್ನು ಸೋರದಂತೆ ಸಾಗಿಸುವುದು ಒಂದು ಕಸುಬು. ಕಸುಬೆಂದ ಮೇಲೆ ಅದಕ್ಕೆ ಕಲಿಕೆ ಬೇಕು. ನಾನು ಹೇಳುತ್ತಿರುವ ಎಂ.ಎ.ಯ ಉದ್ದೇಶವೂ ಇಷ್ಟೇ.

ಮುಂಬಯಿ ಕನ್ನಡಿಗರಿಗೆ ದುಡಿಯುತ್ತಲೇ ಓದುವುದು ಹೊಸದೇನಲ್ಲ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಪಾಸಾದ ಒಂದು ಇಡೀ ಪೀಳಿಗೆ ನಮ್ಮ ಹಿಂದಿದೆ. ಕೋಟೆ ವಿಭಾಗದಿಂದ ಹಿಡಿದು ಉಪನಗರಗಳ ತನಕ ಕನ್ನಡ ರಾತ್ರಿ ಶಾಲೆಗಳು ನಡೆದವು. ಅಲ್ಲಿ ಕಲಿತವರು ಮುಂದೆ ಬ್ಯಾಂಕು, ವಕೀಲಿ, ಪತ್ರಿಕೆ ಎಂದು ಎಲ್ಲೆಡೆ ಹರಡಿದರು. ಆಮೇಲೆ ಬಂದದ್ದು ಅಂಚೆಯ ಮೂಲಕ ಓದು. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ, ಮುಂಬಯಿ ವಿಶ್ವವಿದ್ಯಾಲಯ 1971ರಲ್ಲಿ ಅದೇ ದಾರಿ ಹಿಡಿದವು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ನಾವೆಲ್ಲ ಇಗ್ನೋ ಎನ್ನುವುದು, 1985ರಲ್ಲಿ ಹುಟ್ಟಿತು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇದರಲ್ಲಿ ರೇಡಿಯೋದ ಪಾಲೂ ಇದೆ ಎಂದು ಹೇಳಲು ನನಗೆ ಹೆಮ್ಮೆ. 2001ರಲ್ಲಿ ಶುರುವಾದ ಜ್ಞಾನವಾಣಿ ಎಫ್.ಎಂ. ಕೇಂದ್ರಗಳು ಪಾಠಕ್ಕೆಂದೇ ಇದ್ದವು. ಕಾಣದ ಗುರುವಿನ ದನಿ ಕೇಳಿ ಕಲಿಯುವ ಅಭ್ಯಾಸ ನಮಗೆ ಅಂತರ್ಜಾಲಕ್ಕಿಂತ ಮೊದಲೇ ಇತ್ತು.

ಇನ್ನು ಈ ಪದವಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ. "ಬಹುಭಾಷಾ ಎಂ.ಎ." ಎಂಬ ಫಲಕ ಹಾಕಿದ ಅಂಗಡಿಯನ್ನು ಹುಡುಕುತ್ತಾ ಹೋಗುವುದಕ್ಕಿಂತ, ಇರುವ ಪದವಿಗಳನ್ನು ಜೋಡಿಸಿ ನಮ್ಮ ಊಟದ ಎಲೆಯನ್ನು ನಾವೇ ಬಡಿಸಿಕೊಳ್ಳುವುದು ಒಳ್ಳೆಯದು. ಕಣ್ಣೆದುರು ಇರುವ ದಾರಿಗಳು ಮೂರು.

ಮೊದಲನೆಯದು, ಕಲೀನಾದ ರಾನಡೆ ಭವನದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ. ಡಾ. ಶ್ರೀನಿವಾಸ ಹಾವನೂರ, ಡಾ. ತಾಳ್ತಜೆ ವಸಂತಕುಮಾರ, ಡಾ. ಜಿ. ಎನ್. ಉಪಾಧ್ಯ ಇಂಥವರು ಮುನ್ನಡೆಸಿದ ವಿಭಾಗ ಅದು. ಕೆಲಸದಲ್ಲಿದ್ದವರು, ನಿವೃತ್ತರಾದವರು, ಮಕ್ಕಳನ್ನು ದಡ ಸೇರಿಸಿದ ಗೃಹಿಣಿಯರು ಅಲ್ಲಿಗೆ ಹೋಗಿ ಎಂ.ಎ., ಪಿಎಚ್.ಡಿ. ಮಾಡಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. ಆದರೆ ಅದು ಮುಖಾಮುಖಿ ತರಗತಿ. ಥಾಣೆಯವರು ಕುರ್ಲಾಕ್ಕೆ ಹೋಗಿ ಅಲ್ಲಿಂದ ಬಸ್ಸು, ರಿಕ್ಷಾ ಹಿಡಿಯಬೇಕು. ಸಾಧ್ಯವಿದ್ದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಎರಡನೆಯದು ದೂರಶಿಕ್ಷಣ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಇದೆ. ಇಗ್ನೋದಲ್ಲಿ ಹಿಂದಿ, ಇಂಗ್ಲಿಷ್ ಎಂ.ಎ.ಗಳ ಜೊತೆ ಅನುವಾದ ಅಧ್ಯಯನದಲ್ಲೂ ಎಂ.ಎ. ಇದೆ, ಪತ್ರಿಕೋದ್ಯಮ ಮತ್ತು ಸಂವಹನದಲ್ಲೂ ಇದೆ. ಇಲ್ಲಿ ಪುಸ್ತಕಗಳು ಮನೆಗೆ ಬರುತ್ತವೆ, ನಿಯೋಜಿತ ಬರಹಗಳನ್ನು ಬರೆದು ಕಳಿಸಬೇಕು, ಪರೀಕ್ಷಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು.

ಮೂರನೆಯದು ಪೂರ್ತಿ ಆನ್‌ಲೈನ್. ಪಾಠದ ವಿಡಿಯೋ, ಓದುವ ಸಾಮಗ್ರಿ, ಚರ್ಚೆ, ಸ್ವಯಂಪರೀಕ್ಷೆ, ಎಲ್ಲವೂ ಪರದೆಯ ಮೇಲೆ.

ದೂರಶಿಕ್ಷಣಕ್ಕೂ ಆನ್‌ಲೈನ್‌ಗೂ ಇರುವ ಒಂದು ವ್ಯತ್ಯಾಸ ಹೊರನಾಡಿನವರಾದ ನಮಗೆ ಬಹಳ ಮುಖ್ಯ. ಒಂದು ರಾಜ್ಯದ ಮುಕ್ತ ವಿಶ್ವವಿದ್ಯಾಲಯ ತನ್ನ ದೂರಶಿಕ್ಷಣದ ಕಲಿಕಾ ಕೇಂದ್ರಗಳನ್ನು, ಪರೀಕ್ಷಾ ಕೇಂದ್ರಗಳನ್ನು ಆ ರಾಜ್ಯದ ಗಡಿಯೊಳಗೇ ಇಟ್ಟುಕೊಳ್ಳಬೇಕು. ಆನ್‌ಲೈನ್ ಪದವಿಗೆ ಆ ಗಡಿಯಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2020ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮಾವಳಿ ಇದನ್ನು ಸ್ಪಷ್ಟಪಡಿಸಿದೆ. ಅಂದರೆ ಕರ್ನಾಟಕದ ವಿಶ್ವವಿದ್ಯಾಲಯವೊಂದು ಕನ್ನಡದಲ್ಲಿ ಆನ್‌ಲೈನ್ ಎಂ.ಎ. ನಡೆಸಲು ಅನುಮತಿ ಪಡೆದಿದ್ದರೆ, ನೌಪಾಡಾದವರು ನೌಪಾಡಾದಲ್ಲಿದ್ದುಕೊಂಡೇ ಅದನ್ನು ಓದಬಹುದು. ಹೊರನಾಡ ಕನ್ನಡಿಗನ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ.

ಗಡಿಯ ಈ ವಿಚಾರವನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಅದರ ಬಿಸಿ ತಾಗಿದ ಸಾವಿರಾರು ವಿದ್ಯಾರ್ಥಿಗಳಿದ್ದಾರೆ. ರಾಜ್ಯದ ಹೊರಗೆ ಕೇಂದ್ರಗಳನ್ನು ನಡೆಸಿದ್ದು, ಅನುಮತಿಯಿಲ್ಲದ ತಾಂತ್ರಿಕ ಕೋರ್ಸುಗಳನ್ನು ನಡೆಸಿದ್ದು ಮುಂತಾದ ಕಾರಣಗಳಿಂದ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ 2013-14ರಿಂದ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿ ಸಿಕ್ಕಿದ್ದು 2018ರಲ್ಲಿ. ಈಗ ಆ ಸಂಸ್ಥೆ ಮಾನ್ಯತೆಯೊಂದಿಗೆ ನಡೆಯುತ್ತಿದೆ, ಅದು ಸಂತೋಷ. ಆದರೆ ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಆತಂಕವನ್ನು ಮರೆಯಬಾರದು. ಹಾಗಾಗಿ ಹೆಸರಿಗೆ ಮರುಳಾಗದೆ, ಹಣ ಕಟ್ಟುವ ಮೊದಲು ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ನೋಡಿ. ಈ ವಿಶ್ವವಿದ್ಯಾಲಯಕ್ಕೆ, ಈ ಪದವಿಗೆ, ಈ ಸತ್ರಕ್ಕೆ ಅನುಮತಿ ಇದೆಯೇ? ಮೂರಕ್ಕೂ ಹೌದೆಂಬ ಉತ್ತರ ಸಿಗಬೇಕು. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದು ಆ ಒಂದು ಪದವಿಗೆ ಇಲ್ಲದಿರಬಹುದು. ಮನೆಗೆ ಬಂದು ಫಾರಂ ತುಂಬಿಸಿಕೊಳ್ಳುವ ಏಜೆಂಟರ ಮಾತನ್ನು ನಂಬಬೇಡಿ. 2024ರಿಂದ ಪ್ರತಿ ವಿದ್ಯಾರ್ಥಿಯೂ ಪ್ರವೇಶಕ್ಕೆ ಮೊದಲು ಆ ವಿಭಾಗದಲ್ಲಿ ತನ್ನದೇ ಒಂದು ಡಿಇಬಿ ಐಡಿ ಮಾಡಿಕೊಳ್ಳಬೇಕೆಂಬ ನಿಯಮ ಬಂದಿದೆ. ಅದನ್ನು ನೀವೇ ಕೂತು ಮಾಡಿ, ಇನ್ನೊಬ್ಬರ ಕೈಗೆ ಕೊಡಬೇಡಿ.

ಹೀಗೆ ಮಾನ್ಯತೆ ಇರುವ ಆನ್‌ಲೈನ್ ಅಥವಾ ದೂರಶಿಕ್ಷಣದ ಪದವಿಯನ್ನು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದೇ ಪರಿಗಣಿಸಬೇಕು ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ತಿಳಿಸಿದೆ. ಅದೇ ವರ್ಷ ಎರಡು ಪದವಿಗಳನ್ನು ಏಕಕಾಲದಲ್ಲಿ ಓದಲೂ ಅವಕಾಶ ಕೊಟ್ಟಿದೆ. ನಮ್ಮ ಬಹುಭಾಷೆಯ ಎಲೆಗೆ ಇದರಿಂದ ಅನುಕೂಲ. ಕನ್ನಡದ ಎಂ.ಎ. ಒಂದು ಕಡೆ, ಅನುವಾದದ ಡಿಪ್ಲೊಮಾ ಇನ್ನೊಂದು ಕಡೆ ಇಟ್ಟುಕೊಳ್ಳಬಹುದು. ಸರಕಾರದ ಸ್ವಯಂ ಎಂಬ ಜಾಲತಾಣ 2017ರಿಂದ ಇದೆ. ಅಲ್ಲಿ ಭಾಷಾವಿಜ್ಞಾನದ ಕೋರ್ಸುಗಳನ್ನು ಶುಲ್ಕವಿಲ್ಲದೆ ಕೇಳಬಹುದು, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಯ ಶುಲ್ಕ.

ಸರಿ, ಸೇರಿದೆವು ಎನ್ನೋಣ. ಏನು ಕಲಿಯುತ್ತೇವೆ? ಒಂದು ಉದಾಹರಣೆ ಕೊಡುತ್ತೇನೆ. ಭಾಷಾವಿಜ್ಞಾನ ಓದುವ ಪ್ರಪಂಚದ ವಿದ್ಯಾರ್ಥಿಗಳು ನಮ್ಮ ಮಹಾರಾಷ್ಟ್ರದ ಒಂದು ಊರಿನ ಹೆಸರು ಕೇಳಿರುತ್ತಾರೆ. ಅದು ಸಾಂಗಲಿ ಜಿಲ್ಲೆಯ ಕುಪವಾಡ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಆ ಊರಿನ ಮಾತನ್ನು ಅಭ್ಯಾಸ ಮಾಡಿ 1971ರಲ್ಲಿ ಪ್ರಕಟಿಸಿದರು. ಅಲ್ಲಿ ಜೈನ ರೈತರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ದಲಿತರದು ಮರಾಠಿ, ತೆಲುಗಿನವರೂ ಇದ್ದರು. ನೂರಾರು ವರ್ಷ ಒಟ್ಟಿಗೆ ಬಾಳಿದ್ದರಿಂದ ಏನಾಗಿತ್ತು ಗೊತ್ತೇ? ಪದಗಳು ಬೇರೆ ಬೇರೆಯಾಗಿಯೇ ಉಳಿದಿದ್ದವು, ಆದರೆ ವಾಕ್ಯದ ಕಟ್ಟಡ ಒಂದೇ ಆಗಿಬಿಟ್ಟಿತ್ತು. "ಸ್ವಲ್ಪ ಸೊಪ್ಪು ಕೊಯ್ದು ತೆಗೆದುಕೊಂಡು ಬಂದೆ" ಎಂಬಂಥ ವಾಕ್ಯವನ್ನು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಪದದ ಕೆಳಗೆ ಪದ ಇಟ್ಟು ಹೊಂದಿಸಬಹುದಿತ್ತು. ಯಾರೂ ತಮ್ಮ ಭಾಷೆಯನ್ನು ಬಿಡಲಿಲ್ಲ, ಪಕ್ಕದವರ ಭಾಷೆಯನ್ನು ದೂರವೂ ಇಡಲಿಲ್ಲ. ನಮ್ಮ ಮಕ್ಕಳ "ಬೆರಕೆ ಕನ್ನಡ"ವನ್ನು ಕೇಳಿ ತಲೆ ಚಚ್ಚಿಕೊಳ್ಳುವ ಮೊದಲು ಇಂಥದ್ದನ್ನು ಓದಿದರೆ ನೋಟ ಬದಲಾಗುತ್ತದೆ. ಯಾವ ಬೆರಕೆ ಸಹಜ, ಯಾವುದು ಭಾಷೆ ಬಾರದ್ದರಿಂದ ಆದದ್ದು ಎಂದು ಬೇರ್ಪಡಿಸಿ ನೋಡುವ ಕಣ್ಣು ಬರುತ್ತದೆ.

ಇನ್ನೊಂದು ಉದಾಹರಣೆ ನಮ್ಮ ನಾಲಿಗೆಯ ಮೇಲೇ ಇದೆ. ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ. ಕನ್ನಡದಲ್ಲಿ ಶಿಕ್ಷೆ ಎಂದರೆ ದಂಡನೆ, ಮರಾಠಿಯಲ್ಲೂ ಹಾಗೆಯೇ. ಅವಸರ ಎಂದರೆ ನಮಗೆ ಗಡಿಬಿಡಿ, ಹಿಂದಿಯವರಿಗೆ ಅವಕಾಶ. ಅನುಮಾನ ನಮಗೆ ಸಂದೇಹ, ಅವರಿಗೆ ಅಂದಾಜು. ನಾನೀಗ ನಿಮ್ಮ ಮುಂದೆ ಮಾಡುತ್ತಿರುವುದು ಉಪನ್ಯಾಸ. ಹಿಂದಿಯವರು ಇದನ್ನು ಕೇಳಿದರೆ ಕಾದಂಬರಿ ಓದುತ್ತಿದ್ದಾರೆ ಎಂದುಕೊಂಡಾರು! ಮರಾಠಿಯವರು ಮಾತ್ರ ಇಲ್ಲಿ ನಮ್ಮ ಜೊತೆಗಿದ್ದಾರೆ, ಅವರಿಗೂ ಕಾದಂಬರಿ ಕಾದಂಬರಿಯೇ. ನಮ್ಮ ತುಪ್ಪ ಅವರ ತೂಪ್, ನಮ್ಮ ಅಡಕೊತ್ತು ಅವರ ಅಡಕಿತ್ತಾ, ನಮ್ಮ ಕೊತ್ತಂಬರಿ ಅವರ ಕೋಥಿಂಬೀರ್. ಹೀಗೆ ಎಲ್ಲಿ ಪದ ಒಂದೇ ಆಗಿ ಅರ್ಥ ಬೇರೆ, ಎಲ್ಲಿ ಅರ್ಥ ಒಂದೇ ಆಗಿ ಬಳಕೆ ಬೇರೆ ಎಂಬುದನ್ನು ದಿನವೂ ನೋಡುತ್ತಿದ್ದರೂ ನಾವು ಗಮನಿಸಿರುವುದಿಲ್ಲ. ಪದವಿಯ ಓದು ಗಮನಿಸುವಂತೆ ಮಾಡುತ್ತದೆ. ಬ್ಯಾಂಕಿನ ಜಾಹೀರಾತು, ಔಷಧದ ಚೀಟಿ, ರೈಲಿನ ಪ್ರಕಟಣೆ, ಎಲ್ಲವೂ ಪಠ್ಯಪುಸ್ತಕವಾಗಿಬಿಡುತ್ತವೆ.

ಅನುವಾದದ ವಿಷಯ ಬಂದಾಗ ಪುಣೆಯ ಉಮಾ ಕುಲಕರ್ಣಿಯವರನ್ನು ನೆನೆಯಬೇಕು. ಭೈರಪ್ಪ, ಕಾರಂತರ ಕಾದಂಬರಿಗಳನ್ನು ಮರಾಠಿ ಓದುಗರ ಮನೆಮನೆಗೆ ಮುಟ್ಟಿಸಿದವರು ಅವರು. 'ವಂಶವೃಕ್ಷ'ದ ಅನುವಾದಕ್ಕೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಪಡೆದವರು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನು ಓದಿ ಹೇಳುವುದು, ಅದನ್ನು ಕೇಳಿ ಇವರು ಮರಾಠಿಯಲ್ಲಿ ಬರೆಯುವುದು, ಇದು ಆ ಮನೆಯ ಕ್ರಮ. ವಿರೂಪಾಕ್ಷರು ಮರಾಠಿಯಿಂದ ಕನ್ನಡಕ್ಕೂ ತಂದಿದ್ದಾರೆ. ಒಬ್ಬರಿಗೆ ಒಂದು ಭಾಷೆ ಹೆಚ್ಚು ಪಳಗಿದ್ದು, ಇನ್ನೊಬ್ಬರಿಗೆ ಇನ್ನೊಂದು. ಇಬ್ಬರ ನಡುವಿನ ಮಾತುಕತೆಯಲ್ಲಿ ಪುಸ್ತಕ ದಾಟಿಬಂತು. ಆನ್‌ಲೈನ್ ಓದಿಗೆ ಹೊರಟವರಿಗೆ ಇದರಲ್ಲಿ ಪಾಠವಿದೆ ಎಂದು ನನ್ನ ಭಾವನೆ. ಗಣಿತವನ್ನು ಒಬ್ಬರೇ ಕೂತು ಕಲಿಯಬಹುದೇನೋ, ಭಾಷೆಯನ್ನು ಕೇಳುವ ಕಿವಿಯೊಂದು ಎದುರಿಗಿಲ್ಲದೆ ಕಲಿಯಲಾಗದು. ಪರದೆ ಪಾಠ ಹೇಳುತ್ತದೆ, ಆದರೆ ನೀವು ಬರೆದದ್ದನ್ನು ಓದಿ "ಇದು ನಮ್ಮ ಕಡೆಯ ಮಾತಿನಂತಿಲ್ಲವಲ್ಲ" ಎನ್ನುವ ಮನುಷ್ಯನನ್ನು ನೀವೇ ಹುಡುಕಿಕೊಳ್ಳಬೇಕು.

ಆದ್ದರಿಂದ ನನ್ನದೊಂದು ಸಲಹೆ. ಒಬ್ಬರೇ ಸೇರಬೇಡಿ, ಮೂವರು ಸೇರಿ. ಥಾಣೆಯವರೊಬ್ಬರು, ಡೊಂಬಿವಲಿಯವರೊಬ್ಬರು, ವಾಶಿಯವರೊಬ್ಬರು ಆದರೂ ಪರವಾಗಿಲ್ಲ. ಭಾನುವಾರ ಒಂದೆಡೆ ಕೂತು ಒಬ್ಬರು ಗಟ್ಟಿಯಾಗಿ ಓದಲಿ, ಇಬ್ಬರು ಕೇಳಿ ಬರೆಯಲಿ. ಶಾಲೆಯಲ್ಲಿ ನಾವು ಮಾಡುತ್ತಿದ್ದ ಉಕ್ತಲೇಖನವೇ. ನೆರೆಮನೆಯ ಮರಾಠಿಯವರನ್ನೂ ಕೂರಿಸಿಕೊಳ್ಳಿ. ನಿಮ್ಮ ಮರಾಠಿ ಅನುವಾದ ಅವರ ಕಿವಿಗೆ ಸರಿ ಕೇಳಿಸಿದರೆ ಪಾಸು. ನಮ್ಮ ಸಂಘಗಳಿಗೂ ಇದು ಭಾರವಾದ ಕೆಲಸವಲ್ಲ. ವಾರಕ್ಕೊಮ್ಮೆ ಎರಡು ಗಂಟೆ ಒಂದು ಕೋಣೆ ಬಿಟ್ಟುಕೊಟ್ಟರೆ ಸಾಕು.

ಇನ್ನು ಸಮಯದ ಲೆಕ್ಕ. ಇಗ್ನೋದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. 80 ಕ್ರೆಡಿಟ್ಟಿನ ಎಂ.ಎ. ಎಂದರೆ 2400 ಗಂಟೆ. ಎರಡು ವರ್ಷದಲ್ಲಿ ಮುಗಿಸುವುದಾದರೆ ವಾರಕ್ಕೆ ಸುಮಾರು 23 ಗಂಟೆ. ಸಂಸಾರಸ್ಥರಿಗೆ ಇದು ಕಷ್ಟ. ಆದರೆ ಎರಡು ವರ್ಷದ ಎಂ.ಎ.ಯನ್ನು ನಾಲ್ಕು ವರ್ಷದ ತನಕ ಹರಡಿಕೊಳ್ಳಲು ಅಲ್ಲಿ ಅವಕಾಶವಿದೆ. ಆಗ ವಾರಕ್ಕೆ ಹನ್ನೊಂದೂವರೆ ಗಂಟೆ, ದಿನಕ್ಕೆ ಒಂದು ಗಂಟೆ ನಲವತ್ತು ನಿಮಿಷ. ಥಾಣೆಯಿಂದ ಸಿಎಸ್‌ಎಂಟಿಗೆ 34 ಕಿಲೋಮೀಟರು. ಲೋಕಲ್‌ನಲ್ಲಿ ಹೋಗಿ ಬರಲು ನಾವು ದಿನಾ ಕಳೆಯುವ ಸಮಯವೂ ಹೆಚ್ಚು ಕಡಿಮೆ ಅಷ್ಟೇ! ಗಾಡಿಯಲ್ಲಿ ನಿಂತುಕೊಂಡು ಬರೆಯಲಾಗದು, ಒಪ್ಪುತ್ತೇನೆ. ಆದರೆ ಕಿವಿಗೆ ಹಾಕಿಕೊಂಡು ಪಾಠ ಕೇಳಬಹುದು. ಕೂರಲು ಜಾಗ ಸಿಕ್ಕ ದಿನ ಓದಬಹುದು. ಬರೆಯುವುದನ್ನು ಮಾತ್ರ ಮನೆಗೆ ಇಟ್ಟುಕೊಳ್ಳಿ, ಮನೆಮಂದಿಗೆ ಮೊದಲೇ ಹೇಳಿ ಆ ಹೊತ್ತನ್ನು ಕೇಳಿ ಪಡೆಯಿರಿ. ಅದರಲ್ಲೂ ನಮ್ಮ ಅಕ್ಕ ತಂಗಿಯರಿಗೆ ನಾನು ಹೇಳುವುದು, ಎಲ್ಲರ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಓದುತ್ತೇನೆ ಎಂದುಕೊಂಡರೆ ಆ ಹೊತ್ತು ಬರುವುದೇ ಇಲ್ಲ.

ಬರವಣಿಗೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಕನ್ನಡ ಎಂ.ಎ. ಪರೀಕ್ಷೆಯಲ್ಲಿ ಮೂರು ಗಂಟೆ ಕೈಯಿಂದ ಕನ್ನಡ ಬರೆಯಬೇಕಾಗಬಹುದು. ಇಪ್ಪತ್ತು ವರ್ಷ ಸಹಿಯನ್ನೂ ಇಂಗ್ಲಿಷಿನಲ್ಲೇ ಹಾಕಿದ ಕೈ ಅದು! ವಿಷಯ ಗೊತ್ತಿದ್ದೂ ವೇಗ ಸಾಲದೆ ಉತ್ತರ ಬಿಟ್ಟು ಬರುವ ಸಂಭವ ಹೆಚ್ಚು. ಸೇರುವುದಕ್ಕೆ ಆರು ತಿಂಗಳು ಮೊದಲೇ ದಿನಕ್ಕೊಂದು ಪುಟ ಬರೆಯಲು ತೊಡಗಿ. ಪತ್ರಿಕೆಯ ಸಂಪಾದಕೀಯವನ್ನು ನೋಡಿ ನಕಲು ಮಾಡಿದರೂ ಆದೀತು. ಜೊತೆಗೆ ಕನ್ನಡದಲ್ಲಿ ಬೆರಳಚ್ಚು ಕಲಿಯಿರಿ. ಇಂದು ಕರ್ನಾಟಕದಲ್ಲೆಲ್ಲ ಬಳಕೆಯಲ್ಲಿರುವ ಕನ್ನಡ ಕೀಲಿಮಣೆಯ ವಿನ್ಯಾಸಕ್ಕೆ ಮೂಲಪುರುಷರಾದ ಕೆ. ಪಿ. ರಾವ್ ಅವರು ದಕ್ಷಿಣ ಕನ್ನಡದ ಕಿನ್ನಿಕಂಬಳದವರು, ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಆ ವಿನ್ಯಾಸದಲ್ಲಿ ಇಂಗ್ಲಿಷ್ ಕೀಲಿಗಳ ಮೇಲೆ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಅಕ್ಷರ ಮೂಡುತ್ತದೆ. ದಿನಕ್ಕೆ ಅರ್ಧ ಗಂಟೆ ಕೂತರೆ ಹದಿನೈದು ದಿನದಲ್ಲಿ ಬೆರಳು ಒಗ್ಗುತ್ತದೆ.

"ಇಷ್ಟೆಲ್ಲ ಮಾಡಿದರೆ ಕೆಲಸ ಸಿಗುತ್ತದೆಯೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಪದವಿ ಕೈಗೆ ಬಂದ ಮರುದಿನ ಯಾರೂ ಕರೆದು ಕುರ್ಚಿ ಕೊಡುವುದಿಲ್ಲ. ಆದರೆ ಬಾಗಿಲುಗಳಿವೆ. ಶೇಕಡಾ 55 ಅಂಕ ಪಡೆದವರು ಕನ್ನಡ ವಿಷಯದಲ್ಲಿ ನೆಟ್ ಪರೀಕ್ಷೆಗೆ ಕೂರಬಹುದು. ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಅದರಲ್ಲಿ ವಯಸ್ಸಿನ ಮಿತಿಯಿಲ್ಲ. ಮುಂಬಯಿ ಜಾಹೀರಾತಿನ ಊರು, ಧ್ವನಿಮುದ್ರಣದ ಊರು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹುಟ್ಟಿದ ಜಾಹೀರಾತುಗಳಿಗೆ, ಧಾರಾವಾಹಿ ಚಿತ್ರಗಳಿಗೆ ಕನ್ನಡದ ಮಾತು, ಅಡಿಬರಹ ಬರೆಯುವ ಕೆಲಸ ಇಲ್ಲೇ ನಡೆಯುತ್ತದೆ. ಮನೆಯಿಂದಲೇ ಮಾಡಬಹುದಾದ ಕೆಲಸ ಅದು.

"ಈಗ ಯಂತ್ರವೇ ಅನುವಾದ ಮಾಡುತ್ತದಲ್ಲ" ಎನ್ನುವವರೂ ಇದ್ದಾರೆ. ನಿಜ. ಗೂಗಲ್‌ನ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ, ಕೇಂದ್ರ ಸರಕಾರ ಭಾಷಿಣಿಯನ್ನು ತಂದದ್ದು 2022ರಲ್ಲಿ. ಈಗಿನ ಯಂತ್ರಗಳು ಮೊದಲಿಗಿಂತ ಬಹಳ ಸುಧಾರಿಸಿವೆ. ಸಾಧಾರಣ ಪತ್ರವನ್ನು ಕ್ಷಣದಲ್ಲಿ ತಿರುಗಿಸಿ ಕೊಡುತ್ತವೆ. ಆದರೆ ಅದು ಸರಿಯಾಗಿದೆಯೇ ಎಂದು ಹೇಳಬೇಕಾದವರು ಯಾರು? ಆಸ್ಪತ್ರೆಯ ಒಪ್ಪಿಗೆ ಪತ್ರ, ನ್ಯಾಯಾಲಯದ ಕಾಗದ, ವಿಮೆಯ ಷರತ್ತು ಇಂಥಲ್ಲಿ ಒಂದು ಪದ ತಪ್ಪಿದರೂ ಬಡಪಾಯಿಗೆ ನಷ್ಟ. ಎರಡೂ ಭಾಷೆಯ ಒಳಹೊರಗು ಬಲ್ಲವರೊಬ್ಬರು ಅದನ್ನು ಓದಿ "ಸರಿ" ಎನ್ನಬೇಕು. ಯಂತ್ರ ಹೆಚ್ಚು ಕೆಲಸ ಮಾಡಿದಷ್ಟೂ ಹಾಗೆ ಓದಬಲ್ಲವರ ಬೆಲೆ ಏರುತ್ತದೆ, ಇಳಿಯುವುದಿಲ್ಲ ಎಂಬುದು ನನ್ನ ನಂಬಿಕೆ. ಆದರೆ ಅರೆಬರೆ ಬಲ್ಲವರಿಗೆ ಮಾತ್ರ ಇನ್ನು ಜಾಗವಿಲ್ಲ. ಅದಕ್ಕೇ ಕ್ರಮವಾಗಿ ಓದಬೇಕು ಎನ್ನುತ್ತಿದ್ದೇನೆ.

ಬಂಧುಗಳೇ, ನೌಕರಿಗಿಂತ ದೊಡ್ಡದೊಂದು ವಿಚಾರ ಇದರ ಹಿಂದಿದೆ. ನಮ್ಮ ಮನೆಗಳಲ್ಲಿ ಅಜ್ಜ ಕನ್ನಡ ಬರೆಯುತ್ತಿದ್ದರು, ಅಪ್ಪ ಅಮ್ಮ ಓದುತ್ತಾರೆ, ಮಕ್ಕಳು ಆಡುತ್ತಾರೆ, ಮೊಮ್ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ. ಒಂದೊಂದು ತಲೆಮಾರಿಗೆ ಒಂದೊಂದು ಮೆಟ್ಟಿಲು ಕೆಳಗೆ. ಮುಂದಿನ ಮೆಟ್ಟಿಲು ಯಾವುದೆಂದು ಹೇಳಬೇಕಾಗಿಲ್ಲ. ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಕಡಿಮೆಯಾಗಿರುವುದು ನಿಮಗೆಲ್ಲ ತಿಳಿದದ್ದೇ. ಶಾಲೆ ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರಾದರೂ ಮನೆಯಲ್ಲಿ ಮಾಡಬೇಕು. ಮಗುವಿಗೆ "ಕನ್ನಡ ಓದು" ಎಂದು ನೂರು ಸಲ ಹೇಳುವುದಕ್ಕಿಂತ, ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಅಮ್ಮನೋ ಅಜ್ಜನೋ ಪರೀಕ್ಷೆಗೆ ಕನ್ನಡ ಓದುವುದನ್ನು ಆ ಮಗು ನೋಡಿದರೆ, ಆ ಭಾಷೆಗೆ ಬೆಲೆಯಿದೆ ಎಂದು ಅದಕ್ಕೆ ತಾನಾಗಿ ತಿಳಿಯುತ್ತದೆ. ಅಷ್ಟೇ ಮುಖ್ಯವಾದದ್ದು, ಪಕ್ಕದಲ್ಲಿ ಮರಾಠಿ ಪುಸ್ತಕವೂ ತೆರೆದಿರುವುದನ್ನು ಅದು ನೋಡಬೇಕು. ಕನ್ನಡಕ್ಕೆ 2008ರಲ್ಲಿ, ಮರಾಠಿಗೆ 2024ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿತು. ಎರಡು ಹಳೆಯ ಭಾಷೆಗಳ ನಡುವೆ ಮನೆ ಮಾಡಿಕೊಂಡಿರುವ ನಾವು ಎರಡಕ್ಕೂ ಋಣಿಗಳು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ದೂಡಬೇಕಾಗಿಲ್ಲ ಎಂದು ಕುಪವಾಡದ ರೈತರು ನಮಗೆ ತೋರಿಸಿಕೊಟ್ಟಿದ್ದಾರೆ.

ಈ ಪದವಿಗಳಿಗೆ ವರ್ಷಕ್ಕೆ ಎರಡು ಬಾರಿ ಪ್ರವೇಶವಿರುತ್ತದೆ, ಜನವರಿ-ಫೆಬ್ರವರಿಯ ಸತ್ರಕ್ಕೊಮ್ಮೆ, ಜುಲೈ-ಆಗಸ್ಟಿನ ಸತ್ರಕ್ಕೊಮ್ಮೆ. ಹಣ ಕಟ್ಟಲು ಅವಸರ ಬೇಡ, ಕನ್ನಡದ ಅರ್ಥದಲ್ಲಿ. ಅವಸರವನ್ನು ಬಿಡಲೂ ಬೇಡಿ, ಹಿಂದಿಯ ಅರ್ಥದಲ್ಲಿ. ಇವತ್ತು ರಾತ್ರಿ ಒಂದು ಹಾಳೆ ತೆಗೆದುಕೊಂಡು, ನಿಮ್ಮ ದಿನ ಹೇಗೆ ಕಳೆಯಿತು ಎಂದು ಹತ್ತು ಸಾಲು ಕನ್ನಡದಲ್ಲಿ ಬರೆಯಿರಿ. ನಾಳೆ ಅದನ್ನೇ ಮರಾಠಿಯಲ್ಲಿ ಬರೆಯಿರಿ. ಎಲ್ಲಿ ಕೈ ನಿಂತಿತೋ ಅಲ್ಲೊಂದು ಗೆರೆ ಎಳೆಯಿರಿ. ಗೆರೆಗಳು ಎಷ್ಟೇ ಇರಲಿ, ಬೇಸರ ಮಾಡಿಕೊಳ್ಳಬೇಡಿ. ನೀವು ಓದಬೇಕಾದ ಪಾಠ ಯಾವುದೆಂದು ಆ ಹಾಳೆಯೇ ಹೇಳುತ್ತದೆ.